ಉಮ್ಮನೊಂದಿಗೆ ಮಂಗಳೂರಿನ ಹೋಟೆಲುಗಳಲ್ಲಿ

ನಮ್ಮ ಕಡೆಯಿಂದ ಮಂಗಳೂರಿಗೆ ಹೋಗುವವರಲ್ಲಿ ಎರಡು ವಿಧ. ಮದುವೆಯ ಜವಳಿ, ಚಿನ್ನ ಎಂದು ನಗುನಗುತ್ತಾ ಹೋಗುವವರು ಒಂದು ವಿಧ. ಕೈಯಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್‌ನ ದೊಡ್ಡ ಕವರು ಹಿಡಿದು ಬಸ್ಸಿನ ಕಿಟಕಿಯಾಚೆ ನೋಡುತ್ತಾ ಹೋಗುವವರು ಇನ್ನೊಂದು ವಿಧ. ಕಾಸರಗೋಡು, ಭಟ್ಕಳ, ಕೊಡಗು, ಚಿಕ್ಕಮಗಳೂರು ಎಲ್ಲಿಂದಲೂ ಕಾಯಿಲೆ ದೊಡ್ಡದಾದರೆ ಜನ ಬರುವುದು ಮಂಗಳೂರಿಗೇ. 2024ರ ಜನವರಿ 8ರ ಸೋಮವಾರದಿಂದ ನಾವೂ ಆ ಎರಡನೆಯ ವಿಧಕ್ಕೆ ಸೇರಿದೆವು. ನಾವು ಎಂದರೆ ಅರುವತ್ತಾರು ದಾಟಿದ ನನ್ನ ಉಮ್ಮ, ನನ್ನ ಪತ್ನಿ ಮತ್ತು ನಾನು.

ಉಮ್ಮನಿಗೆ ಎದೆಯ ಗಡ್ಡೆಯ ಶಸ್ತ್ರಚಿಕಿತ್ಸೆ ಆಗಿತ್ತು, ಕೀಮೋ ಮುಗಿದಿತ್ತು. ಉಳಿದದ್ದು ವಿಕಿರಣ ಚಿಕಿತ್ಸೆ. ಸೋಮವಾರದಿಂದ ಶುಕ್ರವಾರದವರೆಗೆ, ಒಟ್ಟು 25 ದಿನ. ಮಲಗಿಸಿ ಯಂತ್ರದ ಕೆಳಗೆ ಇಡುವುದು ಹತ್ತು ನಿಮಿಷವೂ ಇಲ್ಲ. ಆದರೆ ವಿಟ್ಲದ ಕಡೆಯ ನಮ್ಮ ಹಳ್ಳಿಯಿಂದ ಹೋಗಿ ಬರುವುದಕ್ಕೆ ಇಡೀ ದಿನ ಬೇಕು. ನಾನು ಬೆಳಗ್ಗಿನ ಮದ್ರಸ ಮುಗಿಸಿ, ಶಾಲೆಗೆ ರಜೆ ಹಾಕಿ ಹೊರಡುತ್ತಿದ್ದೆ. ಹನ್ನೆರಡು ಗಂಟೆಗೆ ಆಸ್ಪತ್ರೆಯ ಕೆಲಸ ಮುಗಿಯುತ್ತಿತ್ತು. ಆಮೇಲೆ ಹೊಟ್ಟೆಯ ಪ್ರಶ್ನೆ!

ಮೊದಲ ನಾಲ್ಕು ದಿನ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋದೆವು. ಫ್ಲಾಸ್ಕಿನಲ್ಲಿ ಗಂಜಿ, ಡಬ್ಬಿಯಲ್ಲಿ ಹೆಸರಿನ ಪಲ್ಯ, ಮಾವಿನ ಮಿಡಿ. ಆಸ್ಪತ್ರೆಯ ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕುಳಿತು ಉಮ್ಮ ಎರಡು ಚಮಚ ಕುಡಿದು ಫ್ಲಾಸ್ಕನ್ನು ಸೊಸೆಯತ್ತ ಸರಿಸುತ್ತಿದ್ದರು. ಕೀಮೋ ಶುರುವಾದಂದಿನಿಂದ ಅವರ ಬಾಯಿಯ ರುಚಿಯೇ ಹೊರಟುಹೋಗಿತ್ತು. “ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ ಮೋನೇ” ಎನ್ನುತ್ತಿದ್ದರು. ತೂಕ ಇಳಿಯುತ್ತಾ ಬಂದಿತ್ತು. ಮೀನು, ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಿಸಿ, ತೂಕ ಇನ್ನೂ ಇಳಿದರೆ ಕಷ್ಟ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ತಿನ್ನಿಸುವುದು ಹೇಗೆ?

ಬಂದರಿನ ಆ ಶುಕ್ರವಾರ

ಐದನೆಯ ದಿನ ಶುಕ್ರವಾರ. ಜುಮಾ ನಮಾಝಿಗೆ ನಾನು ಬಂದರಿನ ಝೀನತ್ ಬಕ್ಷ್ ಮಸೀದಿಗೆ ಹೋಗಬೇಕೆಂದಿದ್ದೆ. ಮರದ ಕೆತ್ತನೆಯ ಕಂಬಗಳ ಆ ಹಳೆಯ ಮಸೀದಿಯನ್ನು ನೋಡದವರು ಒಮ್ಮೆ ನೋಡಬೇಕು. ಭಾರತದ ಅತ್ಯಂತ ಪುರಾತನ ಮಸೀದಿಗಳಲ್ಲಿ ಒಂದೆಂದು ಅದಕ್ಕೆ ಹೆಸರಿದೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆಂದೂ ಅವರ ಮಗಳ ಹೆಸರೇ ಮಸೀದಿಗೆ ಬಂತೆಂದೂ ಹೇಳುತ್ತಾರೆ. ಅಲ್ಲಿ ಹತ್ತಿರವೇ ನಮ್ಮ ಬಂಧುವೊಬ್ಬರ ಮನೆ. ಉಮ್ಮನನ್ನೂ ಪತ್ನಿಯನ್ನೂ ಅಲ್ಲಿ ಕುಳ್ಳಿರಿಸಿ ನಮಾಝಿಗೆ ಹೋಗಿ ಬಂದೆ. ಆ ಮನೆಯವರು ಊಟಕ್ಕೆ ಒತ್ತಾಯಿಸಿದರು. ಉಮ್ಮ ಬೇಡವೆಂದರು. ಅನ್ಯರ ಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ತಿನ್ನದೆ ಕುಳಿತರೆ ಅವರಿಗೆ ಬೇಸರವಾಗುತ್ತದೆ ಎಂಬ ಸಂಕೋಚ.

ಬಂದರಿನ ಅಝೀಝುದ್ದೀನ್ ರಸ್ತೆಯಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದೆವು. ಮೂಟೆ ಹೊತ್ತವರು, ಕೈಗಾಡಿಗಳು, ಒಣಮೆಣಸಿನ ಘಾಟು. ಉಮ್ಮ ಒಮ್ಮೆಗೇ ನಿಂತರು. ಮೂಗು ಅರಳಿಸಿ, “ಎಲ್ಲೋ ಬಂಗುಡೆ ಕಾಯಿಸುತ್ತಿದ್ದಾರೆ” ಎಂದರು.

ಸಹೋದರಿಯರೇ, ನಾಲ್ಕೈದು ತಿಂಗಳಿಂದ ಅಡುಗೆಮನೆಯ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ ಉಮ್ಮ ಇವರು. ನಾನೂ ಪತ್ನಿಯೂ ಮುಖ ಮುಖ ನೋಡಿಕೊಂಡೆವು. ಆ ವಾಸನೆ ಬರುತ್ತಿದ್ದದ್ದು ಹೋಟೆಲ್ ನಾರಾಯಣದಿಂದ. ಮಂಗಳೂರಿನಲ್ಲಿ ಮೀನಿನ ಊಟ ಎಂದರೆ ಹಳಬರು ಮೊದಲು ಹೇಳುವ ಹೆಸರುಗಳಲ್ಲಿ ಅದೂ ಒಂದು. ಕಾಲೇಜಿನ ದಿನಗಳಲ್ಲಿ ನಾನು ಗೆಳೆಯರ ಜೊತೆ ಎಷ್ಟೋ ಸಲ ಅಲ್ಲಿ ಉಂಡಿದ್ದೇನೆ. ಉಮ್ಮನನ್ನು ಮಾತ್ರ ಅಲ್ಲಿಗೆಂದಲ್ಲ, ಯಾವ ಹೋಟೆಲಿಗೂ ಕರೆದುಕೊಂಡು ಹೋದವನಲ್ಲ.

“ಹೋಟೆಲಿನಲ್ಲಿ ಗಂಡಸರ ನಡುವೆ ಕೂತು ಉಣ್ಣುವುದಾ? ನಾನು ಬರುವುದಿಲ್ಲ” ಎಂದು ಉಮ್ಮ ಬಾಗಿಲಲ್ಲೇ ತಡೆದರು. ಮೂಲೆಯ ಮೇಜು ಸಿಕ್ಕಿತು. ಅವರನ್ನು ಗೋಡೆಯ ಕಡೆ ಮುಖ ಮಾಡಿ ಕುಳ್ಳಿರಿಸಿದೆವು. ಕುಚ್ಚಲಕ್ಕಿ ಅನ್ನ, ಮೇಲೆ ಕೆಂಪು ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಬಂಗುಡೆ ಬಂತು. ಉಮ್ಮ ಮುಳ್ಳು ಬಿಡಿಸುವುದನ್ನು ನೋಡಬೇಕಿತ್ತು. ಐವತ್ತು ವರ್ಷ ಮನೆ ತುಂಬ ಜನರಿಗೆ ಮೀನು ಕಾಯಿಸಿ ಬಡಿಸಿ, ಕೊನೆಗೆ ಬಾಣಲೆಯ ತಳದಲ್ಲಿ ಉಳಿದ ತಲೆ, ಬಾಲವನ್ನು ಒಲೆಯ ಪಕ್ಕದಲ್ಲೇ ಕುಳಿತು ಉಂಡವರು. ಅವರ ಪಾಲಿಗೆ ಇಡೀ ಬಂಗುಡೆ ತಟ್ಟೆಗೆ ಬಂದದ್ದು ಅಪರೂಪ.

ಸಪ್ಲಾಯರ್ ಬಂದು, “ದಾದ ಬೋಡು ಉಮ್ಮಾ, ಸಾರು ಹಾಕ್ಲಾ?” ಎಂದು ತುಳು ಕನ್ನಡ ಬೆರೆಸಿ ಕೇಳಿದ. ಉಮ್ಮ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, “ಹಾಕು” ಎಂದರು. ಅರ್ಧಕ್ಕಿಂತ ಹೆಚ್ಚು ಅನ್ನ ಹೋಯಿತು. ಬಂಗುಡೆಯ ಮುಳ್ಳು ಮಾತ್ರ ಉಳಿಯಿತು. ಪತ್ನಿ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದವಳು ಬರಲು ತಡ ಮಾಡಿದಳು.

ಬಸ್ಸಿನಲ್ಲಿ ಉಮ್ಮ ಹೇಳಿದ್ದು ಒಂದೇ ಮಾತು: “ಬೇಕಾ ಎಂದು ಕೇಳಿ ಕೇಳಿ ನನಗೆ ಬಡಿಸಿದವರು ಇವನೊಬ್ಬನೇ.”

ನನಗೆ ಆ ರಾತ್ರಿ ಬೇಗ ನಿದ್ದೆ ಹತ್ತಲಿಲ್ಲ.

ಒಂದು ಫೋನು

ಮಾರನೆಯ ದಿನವೇ ಸುದ್ದಿ ಊರು ಮುಟ್ಟಿತ್ತು. ಬಂದರಿನಲ್ಲಿ ನಮ್ಮನ್ನು ಕಂಡ ಯಾರೋ ಯಾರಿಗೋ ಹೇಳಿ, ನಮ್ಮ ಹಿರಿಯ ಸಂಬಂಧಿಯೊಬ್ಬರು ಫೋನ್ ಮಾಡಿದರು. “ಕಾಯಿಲೆಯ ಉಮ್ಮನಿಗೆ ಮನೆಯ ಗಂಜಿ ಕೊಡುವುದು ಬಿಟ್ಟು ಹೋಟೆಲಿಗೆ ಕರೆದುಕೊಂಡು ಹೋಗುತ್ತೀಯಾ? ನಾಲ್ಕಕ್ಷರ ಕಲಿತ ಉಸ್ತಾದ್ ನೀನು” ಎಂದರು. ಸಿಟ್ಟು ಬಂದದ್ದು ನಿಜ. ಆದರೆ ಮಾತಿನ ಅರ್ಧ ಭಾಗದಲ್ಲಿ ಸತ್ಯವಿತ್ತು. ಕೀಮೋ ಆದವರಿಗೆ ಸೋಂಕು ಬೇಗ ತಗಲುತ್ತದೆ. ಸೋಮವಾರ ಡಾಕ್ಟರನ್ನೇ ಕೇಳಿದೆ. ಅವರು ರಕ್ತದ ವರದಿ ತಿರುವಿ ನೋಡಿ, ಬಿಳಿ ರಕ್ತಕಣ ಸರಿ ಇದೆ, ಬಿಸಿಬಿಸಿಯಾಗಿ ಆಗ ತಾನೇ ಮಾಡಿದ್ದಾದರೆ ತಿನ್ನಲಿ, ಹೆಚ್ಚಿಟ್ಟ ಹಣ್ಣು, ಹಸಿ ತರಕಾರಿ, ತಣ್ಣಗಾದ ಚಟ್ನಿ, ರಸ್ತೆ ಬದಿಯ ಐಸು ಹಾಕಿದ ಶರಬತ್ತು ಬೇಡ, ಕುಡಿಯುವ ನೀರು ಮನೆಯದ್ದೇ ಇರಲಿ ಎಂದರು. ಕೊನೆಗೆ ನಗುತ್ತಾ, “ಅವರು ಉಣ್ಣುವುದು ಮುಖ್ಯ ಮಾಸ್ಟ್ರೇ” ಎಂದರು. ಇದು ನನ್ನ ಉಮ್ಮನ ವರದಿ ನೋಡಿ ಹೇಳಿದ ಮಾತು. ನಿಮ್ಮ ಮನೆಯಲ್ಲಿ ಇಂತಹ ರೋಗಿಗಳಿದ್ದರೆ ನಿಮ್ಮ ಡಾಕ್ಟರನ್ನು ಕೇಳದೆ ಈ ಲೇಖನವನ್ನು ಓದಿ ಹೊರಡಬೇಡಿ.

ಸಂಬಂಧಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. “ಏನೋ ಮಾಡು” ಎಂದರು.

ಅಂದಿನಿಂದ ಫ್ಲಾಸ್ಕಿನಲ್ಲಿ ಗಂಜಿಯ ಬದಲು ಕುದಿಸಿ ಆರಿಸಿದ ನೀರು ಬಂತು. ಆಸ್ಪತ್ರೆ ಮುಗಿಸಿ ಬಸ್ಸು ಹತ್ತುವಾಗ ಉಮ್ಮನೇ, “ಇವತ್ತು ಎಲ್ಲಿಗೆ?” ಎಂದು ಕೇಳತೊಡಗಿದರು. ಚಿಕಿತ್ಸೆ ಮುಗಿಯುವುದರೊಳಗೆ ಮಂಗಳೂರಿನ ಸಾಧಾರಣ ಹೋಟೆಲುಗಳ ಒಂದು ಸಣ್ಣ ಪರಿಚಯ ನಮಗಾಯಿತು. ಎಸಿ ಹಾಕಿ, ಮಂದ ಬೆಳಕಿನಲ್ಲಿ ತಟ್ಟೆಯಲ್ಲಿ ಏನಿದೆಯೆಂದು ಕಾಣದಂತೆ ಬಡಿಸುವ ದೊಡ್ಡ ಹೋಟೆಲುಗಳು ಈ ಲೇಖನದ ವಿಷಯವಲ್ಲ. ಅಲ್ಲಿಗೆ ನಾವು ಹೋಗಲೂ ಇಲ್ಲ.

ಮೀನಿನ ಊಟ

ಮಂಗಳೂರಿಗೆ ಬಂದ ಮುಸ್ಲಿಮ್ ಕುಟುಂಬಕ್ಕೆ ಮೀನಿನ ಹೋಟೆಲಿನಷ್ಟು ನೆಮ್ಮದಿಯ ಜಾಗ ಬೇರೆ ಇಲ್ಲ ಎಂದರೆ ಅತಿಶಯೋಕ್ತಿಯಾಗದು. ಮೀನಿಗೆ ಝಬಹ್ ಮಾಡುವ ಪ್ರಶ್ನೆ ಇಲ್ಲ. ಆದ್ದರಿಂದ ಹೋಟೆಲು ಯಾರದ್ದಾದರೂ ಮೀನು ನಮಗೆ ಹಲಾಲ್. ಸಿಗಡಿಯ ವಿಷಯದಲ್ಲಿ ಮಾತ್ರ ಒಂದು ಮಾತು. ಶಾಫಿಈ ಮದ್‌ಹಬಿನವರಾದ ಕರಾವಳಿಯ ಬ್ಯಾರಿ ಮನೆಗಳಲ್ಲಿ ಅದು ಚರ್ಚೆಯೇ ಅಲ್ಲ. ಹನಫೀ ಮದ್‌ಹಬಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರುವುದರಿಂದ ಘಟ್ಟದ ಮೇಲಿನ ನಮ್ಮ ಕೆಲವು ನೆಂಟರು ಸಿಗಡಿ ತಿನ್ನುವುದಿಲ್ಲ. ಅವರನ್ನು ಕರೆದುಕೊಂಡು ಹೋದಾಗ ಕೇಳಿ ಆರ್ಡರ್ ಮಾಡುವುದು ಒಳ್ಳೆಯದು. ಇನ್ನೊಂದು ನೋಡಬೇಕಾದದ್ದು ಕೋಳಿಯನ್ನೂ ಮೀನನ್ನೂ ಒಂದೇ ಕಾವಲಿಯಲ್ಲಿ, ಒಂದೇ ಎಣ್ಣೆಯಲ್ಲಿ ಕಾಯಿಸುತ್ತಾರೆಯೇ ಎಂದು. ನಾನು ಕೇಳಿಯೇ ಕುಳಿತುಕೊಳ್ಳುತ್ತಿದ್ದೆ. ಯಾರೂ ಬೇಸರಿಸಲಿಲ್ಲ. ಮಂಗಳೂರಿನವರಿಗೆ ಈ ಪ್ರಶ್ನೆ ಹೊಸತಲ್ಲ. ಬೋರ್ಡಿನಲ್ಲಿ ‘ಬಾರ್ ಎಂಡ್ ರೆಸ್ಟೋರೆಂಟ್’ ಎಂದಿದ್ದರೆ ಎಷ್ಟೇ ಒಳ್ಳೆಯ ಮೀನಿದ್ದರೂ ಮುಂದೆ ನಡೆಯುವುದೇ ಸರಿ. ಇಲ್ಲಿ ಮೀನಿಗೆ ಹೆಸರಾದ ಎಷ್ಟೋ ಜಾಗಗಳು ಅಂಥವೇ.

ಮೀನಿನ ಹೆಸರುಗಳು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬರುವ ಸಹೋದರಿಯರಿಗಾಗಿ: ಬಂಗುಡೆ, ಬೂತಾಯಿ ಬಡವರ ಮೀನು, ರುಚಿಯಲ್ಲಿ ಶ್ರೀಮಂತ. ಕಾಣೆ ಉದ್ದಕ್ಕೆ, ಮೆತ್ತಗೆ ಇರುತ್ತದೆ. ಮುಳ್ಳು ಕಡಿಮೆ. ಮಕ್ಕಳಿಗೂ ವೃದ್ಧರಿಗೂ ಅದನ್ನೇ ಹೇಳಿ. ರವೆ ಹೊರಳಿಸಿ ಕಾಯಿಸಿದ ಕಾಣೆ ಮಂಗಳೂರಿನ ಗುರುತು ಎನ್ನಬಹುದು. ಅಂಜಲ್, ಮಾಂಜಿ ದುಬಾರಿ. ಮರ್ವಾಯಿ ಸುಕ್ಕ ಸಿಕ್ಕರೆ ಬಿಡಬೇಡಿ. ಬಂಗುಡೆ ಪುಳಿಮುಂಚಿ ಎಂದರೆ ಹೆಸರೇ ಹೇಳುವಂತೆ ಹುಳಿ ಮತ್ತು ಮೆಣಸು. ಗಸಿಯಲ್ಲಿ ತೆಂಗಿನಕಾಯಿ ಅರೆದು ಹಾಕಿರುತ್ತಾರೆ, ಖಾರ ಸ್ವಲ್ಪ ಇಳಿದಿರುತ್ತದೆ. ಉಮ್ಮನಿಗೆ ಕಬ್ಬಿಣದ ರುಚಿಯನ್ನು ಓಡಿಸಿದ್ದು ಪುಳಿಮುಂಚಿಯ ಹುಳಿ. ಬಾಯಿರುಚಿ ಕೆಟ್ಟವರಿಗೆ ಹುಳಿ ಹಿಡಿಸುತ್ತದೆಂದು ಅನಂತರ ಆಸ್ಪತ್ರೆಯ ನರ್ಸ್ ಒಬ್ಬರೂ ಹೇಳಿದರು.

ರಥಬೀದಿಯ ವೆಂಕಟರಮಣ ದೇವಸ್ಥಾನದ ಹತ್ತಿರ, ಭವಂತಿ ಸ್ಟ್ರೀಟಿನ ಕಡೆ ‘ಗಿರಿ ಮಂಜಾಸ್’ ಎಂಬ ಪುಟ್ಟ ಹೋಟೆಲಿದೆ. ಕೆಲವೇ ಮೇಜುಗಳು. ಕಾವಲಿಯಲ್ಲಿ ಕಾಯಿಸಿದ ಅಂಜಲ್ ಅಲ್ಲಿಯ ವಿಶೇಷ. ಮಸಾಲೆ ಮೀನಿನ ಮೇಲೆ ಕಂಬಳಿಯಂತೆ ಹೊದ್ದಿರುತ್ತದೆ, ಅನ್ನಕ್ಕೆ ಕಲಸಿಕೊಳ್ಳಲು ಅದೇ ಸಾಕು. ಕೊಡಿಯಾಲ್‌ಬೈಲಿನ ಕಡೆಯ ‘ಮಚಲಿ’ಯಲ್ಲೂ ಮಧ್ಯಾಹ್ನದ ಊಟಕ್ಕೆ ಜನವೋ ಜನ. ಎಲ್ಲ ಕಡೆಗೂ ನಮ್ಮ ಸೂತ್ರ ಒಂದೇ, ಹನ್ನೆರಡೂಕಾಲಿಗೆ ಒಳಗೆ ಇರಬೇಕು. ಒಂದು ಗಂಟೆಯ ನಂತರ ಕಚೇರಿಯವರು, ಬ್ಯಾಂಕಿನವರು ಬಂದು ತುಂಬುತ್ತಾರೆ. ಉಣ್ಣುವವರ ತಲೆಯ ಹಿಂದೆಯೇ ಜನ ಕಾದು ನಿಂತಿರುತ್ತಾರೆ. ಹೆಂಗಸರಿಗೆ, ಅದರಲ್ಲೂ ಮುಖಪರದೆ ಸರಿಸಿ ಉಣ್ಣಬೇಕಾದವರಿಗೆ ಅದು ಇಕ್ಕಟ್ಟು. ಬೇಗ ಹೋದರೆ ಮೂಲೆಯ ಮೇಜು ನಿಮ್ಮದು.

‘ಫ್ಯಾಮಿಲಿ ರೂಂ’ ಎಂಬ ಬೋರ್ಡನ್ನು ನೋಡಿ ಮೋಸ ಹೋಗಬೇಡಿ ಎಂದೂ ಹೇಳಬೇಕು. ಹೆಸರು ಬೇಡ, ಒಂದು ಕಡೆ ಆ ರೂಮಿಗೆ ಹೋದೆವು. ಫ್ಯಾನಿಲ್ಲ, ಕಿಟಕಿಯಿಲ್ಲ. ಪರದೆಗೆ ಹಳೆಯ ಸಾರಿನ ವಾಸನೆ. ಕರೆದರೆ ಕೇಳುವವರಿಲ್ಲ. ಹೆಂಗಸರಿಗೆ ಮರ್ಯಾದೆ ಎಂದು ಮಾಡಿದ ಕೋಣೆಯನ್ನು ಉಗ್ರಾಣದಂತೆ ಇಟ್ಟರೆ ಏನನ್ನುವುದು? ಉಮ್ಮ, “ಇದಕ್ಕಿಂತ ಹೊರಗೆ ಗೋಡೆ ನೋಡಿ ಕೂರುವುದೇ ವಾಸಿ” ಎಂದರು. ಮತ್ತೆ ಆ ಬೋರ್ಡಿನ ಹಿಂದೆ ಹೋಗಲಿಲ್ಲ.

ಇನ್ನೊಂದು ಕಡೆ ನನ್ನದೇ ತಪ್ಪು. ಮಸಾಲೆ ಹಚ್ಚಿದ ಮೀನುಗಳ ತಟ್ಟೆಯನ್ನು ಮೇಜಿಗೆ ತಂದು ತೋರಿಸಿದಾಗ ಉಮ್ಮನ ಕಣ್ಣು ಮಾಂಜಿಯ ಮೇಲೆ ಬಿತ್ತು. ಬೆಲೆ ಕೇಳಲು ನಾಚಿಕೆಪಟ್ಟೆ. ಬಿಲ್ಲು ಬಂದಾಗ ಕಣ್ಣು ಕತ್ತಲೆ! ಮೀನಿಗೆ ಕಾರ್ಡಿನಲ್ಲಿ ಬೆಲೆ ಬರೆದಿರುವುದಿಲ್ಲ, ‘ಸೈಜಿನ ಮೇಲೆ’ ಎಂದಿರುತ್ತದೆ. ಕೇಳಿ ತಿನ್ನುವುದರಲ್ಲಿ ಅವಮಾನವಿಲ್ಲ. ಉಮ್ಮ ಆ ಬಿಲ್ಲಿನ ಮೊತ್ತವನ್ನು ನನ್ನ ಬಾಯಿಯಿಂದ ಹೊರಡಿಸಲು ಮೂರು ದಿನ ಪ್ರಯತ್ನಿಸಿದರು. ನಾನು ಹೇಳಲಿಲ್ಲ. ಇದನ್ನು ಯಾರೂ ಅವರಿಗೆ ಓದಿ ಹೇಳದಿದ್ದರೆ ಉಪಕಾರ.

ಮೀನಿಗಾಗಿಯೇ ಬರುವವರು ಕಾಲ ನೋಡಿ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲವದು. ಆಗ ನಾಡದೋಣಿಯವರು ತಂದದ್ದು, ಇಲ್ಲವೇ ಐಸಿನಲ್ಲಿ ಇಟ್ಟದ್ದು, ಹೊರರಾಜ್ಯದ್ದು. ಬೆಲೆಯೂ ಏರಿರುತ್ತದೆ. ಆಗಸ್ಟಿನಲ್ಲಿ ದಕ್ಕೆಯಿಂದ ದೋಣಿಗಳು ಮತ್ತೆ ಇಳಿದ ಮೇಲೆ ಬನ್ನಿ.

ಬನ್ಸ್, ಗೋಳಿಬಜೆ, ನೀರುದೋಸೆ

ವಾರದಲ್ಲಿ ಎರಡು ದಿನ ಉಮ್ಮನಿಗೆ ಸುಸ್ತು ಹೆಚ್ಚು. ಆಗ ಊಟ ಬೇಡ, ‘ಏನಾದರೂ ಮೆತ್ತಗಿನದು’ ಸಾಕು ಎನ್ನುತ್ತಿದ್ದರು. ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆ ಆಗ ನಮ್ಮನ್ನು ಕಾಪಾಡಿತು. ಹೆಸರು ಕೇಳಿ ನಮ್ಮವರದ್ದೆಂದು ತಿಳಿದು ಬಿರಿಯಾನಿ ಕೇಳಬೇಡಿ, ಅದು ಶುದ್ಧ ಸಸ್ಯಾಹಾರಿ. ಅಲ್ಲಿಯ ಬನ್ಸ್ ತಿಂದ ದಿನ ಉಮ್ಮ ಅದನ್ನು ಮುರಿದು, ಒಳಗಿನ ಜಾಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, “ಹಿಟ್ಟು ಚೆನ್ನಾಗಿ ಹುದುಗಿದೆ” ಎಂದು ತೀರ್ಪು ಕೊಟ್ಟರು. ಬೇಕರಿಯ ಬನ್ನು ಬೇರೆ, ಮಂಗಳೂರು ಬನ್ಸ್ ಬೇರೆ. ಕರಿ ಚುಕ್ಕೆ ಬಿದ್ದ ಕಳಿತ ಬಾಳೆಹಣ್ಣನ್ನು ಸಕ್ಕರೆ ಹಾಕಿ ಕಿವುಚಿ, ಸ್ವಲ್ಪ ಹುಳಿಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡ ಸೇರಿಸಿ, ಹಿಡಿದಷ್ಟು ಮೈದಾ ಹಾಕಿ ನಾದಿ, ಎಣ್ಣೆ ಸವರಿ ಮುಚ್ಚಿಡಬೇಕು. ನೀರು ಒಂದು ಹನಿಯೂ ಬೇಡ. ನಾಲ್ಕೈದು ಗಂಟೆ ಬಿಟ್ಟು, ಪೂರಿಗಿಂತ ದಪ್ಪಗೆ ಲಟ್ಟಿಸಿ ಮಧ್ಯಮ ಉರಿಯಲ್ಲಿ ಕರಿಯುವುದು. ಉರಿ ಹೆಚ್ಚಾದರೆ ಹೊರಗೆ ಕಪ್ಪು, ಒಳಗೆ ಹಸಿ. ಇದು ಉಮ್ಮನ ಲೆಕ್ಕ, ಹೋಟೆಲಿನವರದ್ದಲ್ಲ.

ಗೋಳಿಬಜೆ ಸಂಜೆ ನಾಲ್ಕರ ಹೊತ್ತಿಗೆ ಬಾಣಲೆಯಿಂದ ತೆಗೆದದ್ದೇ ತಿನ್ನಬೇಕು. ಆರಿದರೆ ರಬ್ಬರು. ಬಂಟ್ಸ್ ಹಾಸ್ಟೆಲ್ ಬಳಿಯ ವುಡ್‌ಲ್ಯಾಂಡ್ಸ್ ಕೂಡ ಹೆಂಗಸರು ಮಕ್ಕಳೊಂದಿಗೆ ಆರಾಮವಾಗಿ ಕೂರಬಹುದಾದ ಹಳೆಯ ಸಸ್ಯಾಹಾರಿ ಹೋಟೆಲು. ನೀರುದೋಸೆಯಂತೂ ರೋಗಿಗಳಿಗೆ ಹೇಳಿ ಮಾಡಿಸಿದ್ದು. ಉದ್ದಿಲ್ಲ, ಹುದುಗಿಲ್ಲ, ಅಕ್ಕಿ ನೆನೆಸಿ ಅರೆದು ನೀರಾಗಿ ಹೊಯ್ದರೆ ಮುಗಿಯಿತು. ಆದರೆ ಹತ್ತು ನಿಮಿಷ ಬಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಕೂತಲ್ಲೇ ಒಂದೊಂದಾಗಿ ತರಿಸಿಕೊಳ್ಳಬೇಕು.

ಸಸ್ಯಾಹಾರಿ ಹೋಟೆಲುಗಳ ಒಂದು ದೊಡ್ಡ ಉಪಕಾರವನ್ನು ಯಾರೂ ಬರೆಯುವುದಿಲ್ಲ. ಶೌಚಾಲಯ! ಆಸ್ಪತ್ರೆಗೆಂದು ಬೆಳಿಗ್ಗೆ ಮನೆ ಬಿಟ್ಟ ಹೆಂಗಸರು ಸಂಜೆಯವರೆಗೆ ನೀರು ಕುಡಿಯದೆ ಬಾಯಿ ಒಣಗಿಸಿಕೊಂಡು ಕುಳಿತಿರುವುದನ್ನು ನಾನು ದಿನವೂ ಕಂಡೆ. ಚಿಕಿತ್ಸೆಯಲ್ಲಿರುವವರಿಗೆ ಇದು ತುಂಬ ಕೆಡುಕು. ಹೋಟೆಲನ್ನು ಆರಿಸುವಾಗ ನನ್ನ ಪತ್ನಿ ಮೆನು ಕೇಳುವುದಕ್ಕಿಂತ ಮೊದಲು ಇದನ್ನು ನೋಡಿ ಬರುತ್ತಿದ್ದಳು. ಅವಳು ತಲೆಯಾಡಿಸಿದರೆ ಮಾತ್ರ ನಾವು ಕುಳಿತುಕೊಳ್ಳುತ್ತಿದ್ದೆವು.

ಕೋಳಿ, ಬಿರಿಯಾನಿ, ಮಂದಿ

ಮಾಂಸ ತಿನ್ನಬೇಕೆಂದರೆ ಬಂದರು, ಕುದ್ರೋಳಿ, ಫಳ್ನೀರ್, ಕಂಕನಾಡಿ, ಆ ಕಡೆ ತೊಕ್ಕೊಟ್ಟು, ದೇರಳಕಟ್ಟೆಗಳಲ್ಲಿ ನಮ್ಮವರ ಹೋಟೆಲುಗಳು ಬೇಕಾದಷ್ಟಿವೆ. ಬಂದರಿನ ಸಣ್ಣ ಹೋಟೆಲುಗಳಲ್ಲಿ ಬೆಳಿಗ್ಗೆ ಪತ್ತಿರ್ ಮತ್ತು ಕೋಳಿ ಸಾರು ಸಿಗುತ್ತದೆ. ತೆಂಗಿನಹಾಲಿನ ಕೋಳಿ ಸಾರಿಗೆ ಗರಿಗರಿ ಅಕ್ಕಿ ರೊಟ್ಟಿ ಮುರಿದು ಹಾಕುವ ಕೋರಿ ರೊಟ್ಟಿ ಮೂಲತಃ ಬಂಟರ ಮನೆಯದ್ದಾದರೂ ಈಗ ಎಲ್ಲರ ಊಟ. ಸಾರು ಹಾಕಿದ ಕೂಡಲೇ ತಿಂದರೆ ಕರುಂ ಎನ್ನುತ್ತದೆ, ಐದು ನಿಮಿಷ ಬಿಟ್ಟರೆ ಹಲ್ಲಿಲ್ಲದವರಿಗೂ ಸಲ್ಲುತ್ತದೆ. ಉಮ್ಮನದು ಎರಡನೆಯ ಪಕ್ಷ.

ದೇರಳಕಟ್ಟೆಯ ಕಡೆ ಮೆಡಿಕಲ್ ಕಾಲೇಜುಗಳು ಒಂದರ ಪಕ್ಕ ಒಂದು. ಕೇರಳದ ಹುಡುಗ ಹುಡುಗಿಯರು ತುಂಬಿರುವುದರಿಂದ ಮಂದಿ, ಶವರ್ಮ, ಅಲ್‌ಫಹಮ್‌ಗಳ ಅಂಗಡಿಗಳು ಸಾಲಾಗಿವೆ. ಒಂದು ದೊಡ್ಡ ತಟ್ಟೆಯ ಸುತ್ತ ನೆಲದ ಮೇಲೆ ಕುಳಿತು ಎಲ್ಲರೂ ಒಟ್ಟಿಗೆ ಮಂದಿ ಉಣ್ಣುವುದು ಉಮ್ಮನಿಗೆ ಹಿಡಿಸಿತು. “ಹಿಂದೆ ನಮ್ಮ ಮದುವೆಗಳಲ್ಲಿ ಹೀಗೇ ಅಲ್ಲವಾ” ಎಂದರು. ಖಾರವೂ ಇಲ್ಲ, ಅವರಿಗೆ ಸರಿಹೋಯಿತು. ಆದರೆ ಶವರ್ಮ ಮಾತ್ರ ನಾನು ಕೊಡಿಸಲಿಲ್ಲ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟದ್ದು ನಿಮಗೆ ನೆನಪಿರಬಹುದು. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿಮೊಟ್ಟೆಯ ಮಯೊನೈಸನ್ನೇ ನಿಷೇಧಿಸಿತು. ಮಕ್ಕಳು ಹಠ ಮಾಡಿದರೆ ಗಿರಾಕಿಗಳು ಹೆಚ್ಚಿರುವ, ಮಾಂಸ ಪೂರ್ತಿ ಬೇಯಿಸುವ ಅಂಗಡಿಯನ್ನೇ ನೋಡಿ. ಮಯೊನೈಸ್ ಬೇಡವೆನ್ನಿ.

ಕಬಾಬಿನ ಬಣ್ಣದ ವಿಷಯದಲ್ಲಿ ಉಮ್ಮನ ಕಣ್ಣು ಲ್ಯಾಬೊರೇಟರಿಗಿಂತ ಚುರುಕು. ತಟ್ಟೆ ಬಂದೊಡನೆ ಟಿಶ್ಯೂ ಕಾಗದಕ್ಕೆ ಒತ್ತಿ ನೋಡುವರು. ಬ್ಯಾಡಗಿ ಮೆಣಸಿನ ಕೆಂಪು ಎಣ್ಣೆಯ ಜೊತೆ ಹರಡುತ್ತದೆ, ಕಂದು ಮಿಶ್ರಿತ. ಡಬ್ಬಿಯ ಬಣ್ಣವಾದರೆ ಕಾಗದವೂ ಬೆರಳೂ ಗುಲಾಬಿಯಾಗುತ್ತದೆ. ನಮ್ಮ ಚಿಕಿತ್ಸೆ ಮುಗಿದ ಮೇಲೆ, ಅದೇ 2024ರಲ್ಲಿ ಕರ್ನಾಟಕ ಸರಕಾರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪತ್ರಿಕೆ ಓದಿ ಹೇಳಿದಾಗ ಉಮ್ಮ, “ನಾನು ಆಗಲೇ ಹೇಳಲಿಲ್ಲವಾ” ಎಂದರು.

ಗಡ್‌ಬಡ್

ಕೊನೆಯ ದಿನ ಫೆಬ್ರವರಿ 12. ಜನವರಿ 26ರ ರಜೆಯಿಂದಾಗಿ ಒಂದು ದಿನ ಮುಂದೆ ಹೋಗಿತ್ತು. ಅಂದು ಮಕ್ಕಳನ್ನೂ ಕರೆದುಕೊಂಡು ಹೋದೆವು. ಉಮ್ಮ ಯಂತ್ರದ ಕೋಣೆಯಿಂದ ಹೊರಬಂದು, “ಮುಗಿಯಿತು, ಅಲ್‌ಹಮ್ದುಲಿಲ್ಲಾಹ್” ಎಂದು ಮೊಮ್ಮಗಳ ಕೈ ಹಿಡಿದು ನಡೆದರು. ಲಾಲ್‌ಬಾಗ್‌ನ ಪಬ್ಬಾಸ್‌ಗೆ ಹೋದೆವು. 1975ರಲ್ಲಿ ಸಣ್ಣದಾಗಿ ಶುರುವಾದ ಐಡಿಯಲ್ ಐಸ್‌ಕ್ರೀಮಿನವರದ್ದು ಅದು. ಮಂಗಳೂರಿಗೆ ಬಂದು ಐಡಿಯಲ್ ತಿನ್ನದೆ ಹೋದವರು ಕಡಿಮೆ. ಉದ್ದನೆಯ ಗ್ಲಾಸಿನಲ್ಲಿ ಐಸ್‌ಕ್ರೀಮು, ಹಣ್ಣಿನ ತುಂಡು, ಜೆಲ್ಲಿ, ಒಣಹಣ್ಣುಗಳನ್ನು ಪದರ ಪದರವಾಗಿ ತುಂಬಿದ ಗಡ್‌ಬಡ್ ಇಲ್ಲಿಯ ಮಕ್ಕಳ ಹಬ್ಬ. ಅದು ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರು ಹೇಳುತ್ತಾರೆ. ಜೆಲ್ಲಿ ಎಂದೊಡನೆ ನಮ್ಮ ಮನೆಗಳಲ್ಲಿ ಜೆಲಟಿನ್ ಯಾವುದರದ್ದು ಎಂಬ ಅನುಮಾನ ಬರುವುದು ಸಹಜ. ಎಲ್ಲಿಯೇ ಆಗಲಿ ಕೇಳಿಬಿಡಿ. ಸಸ್ಯಾಹಾರಿ ಜೆಲ್ಲಿ ಎಂದರೆ ವಿಷಯ ಅಲ್ಲಿಗೆ ಮುಗಿಯಿತು.

ಉಮ್ಮನಿಗೆ ಗಡ್‌ಬಡ್ ಕೊಡಿಸಲಿಲ್ಲ, ಹೆಚ್ಚಿದ ಹಣ್ಣು ಬೇಡವೆಂದು ಡಾಕ್ಟರು ಹೇಳಿದ್ದರಲ್ಲ. ಬರೀ ವೆನಿಲ್ಲಾ ಒಂದು ಕಪ್ಪು. ಆದರೆ ಮೊಮ್ಮಗಳ ಉದ್ದನೆಯ ಚಮಚ ಎರಡು ಸಲ ಆಚೆಯಿಂದ ಈಚೆಗೆ ಬಂದದ್ದನ್ನು ನಾನು ಕಂಡೂ ಕಾಣದಂತೆ ಕುಳಿತೆ.

ಮರಳುವಾಗ ಕಲ್ಲಡ್ಕದಲ್ಲಿ ಇಳಿದು ಲಕ್ಷ್ಮೀ ನಿವಾಸದ ‘ಕೆ.ಟಿ.’ ಕುಡಿದೆವು. ಗ್ಲಾಸಿನಲ್ಲಿ ಹಾಲು ಕೆಳಗೆ, ಚಹಾದ ಡಿಕಾಕ್ಷನ್ ಮೇಲೆ ಬೇರೆ ಬೇರೆಯಾಗಿ ನಿಲ್ಲುವ ಕಲ್ಲಡ್ಕ ಟೀಯನ್ನು ಇಷ್ಟು ದಿನ ಬಸ್ಸಿನ ಕಿಟಕಿಯಿಂದ ಬೋರ್ಡು ಮಾತ್ರ ನೋಡಿ ದಾಟಿದ್ದೆವು. ಉಮ್ಮ ಬಹಳ ಹೊತ್ತು ಗ್ಲಾಸನ್ನು ತಿರುಗಿಸಿ ನೋಡಿ, ಕಲಕಲು ಒಪ್ಪದೆ ಹಾಗೆಯೇ ಕುಡಿದರು. ಮೇಲೆ ಕಹಿ, ಕೆಳಗೆ ಸಿಹಿ ಎಂದು ಮೊಮ್ಮಗಳಿಗೆ ವಿವರಿಸಿದರು.

ಈಗ ತಪಾಸಣೆಗೆಂದು ಕೆಲವು ತಿಂಗಳಿಗೊಮ್ಮೆ ಹೋಗುತ್ತೇವೆ. ಉಮ್ಮನ ತೂಕ ಮೊದಲಿನಷ್ಟಾಗಿಲ್ಲ, ಆದರೆ ಇಳಿಯುತ್ತಿಲ್ಲ. ಮನೆಯಲ್ಲಿ ಒಂದು ಬದಲಾವಣೆಯಾಗಿದೆ. ಮೀನು ಕಾಯಿಸಿದ ದಿನ ಮೊದಲ ತುಂಡು ಅವರ ತಟ್ಟೆಗೆ ಬೀಳುತ್ತದೆ, ಬಡಿಸುವವನು ನಾನು. ‘ಸಾರು ಹಾಕ್ಲಾ’ ಎಂದು ಕೇಳಿದರೆ, “ಆ ಹುಡುಗ ಕೇಳಿದ ಹಾಗೆ ನಿನಗೆ ಬರುವುದಿಲ್ಲ” ಎಂದು ನಗುತ್ತಾರೆ. ಕಳೆದ ಸಲ ಹೋದದ್ದು ಮಳೆಗಾಲದಲ್ಲಿ. ಐಸಿನ ಮೀನು ಬೇಡವೆಂದು ಬನ್ಸ್ ತಿಂದು ಬಂದೆವು. ಮುಂದಿನ ತಪಾಸಣೆಯ ತಾರೀಕನ್ನು ಸೆಪ್ಟೆಂಬರಿಗೆ ಹಾಕಿಸಿಕೊಳ್ಳಲು ಡಾಕ್ಟರಿಗೆ ಹೇಳೆಂದು ಉಮ್ಮ ಪಿಸುಗುಟ್ಟಿದರು. ಅಷ್ಟರಲ್ಲಿ ಬಂಗುಡೆ ಬಂದಿರುತ್ತದಂತೆ.